ಊರವರ ನೆರವು, ಸರಕಾರದ ಹೊಣೆ

ಚಿಕಿತ್ಸಾ ಸಹಾಯದ ಮನವಿಗಳು ನಮ್ಮ ಪತ್ರಿಕೆಗೆ ಹೊಸತಲ್ಲ. ವಾರಕ್ಕೆ ಒಂದೆರಡಾದರೂ ಬರುತ್ತವೆ. ಒಂದು ಭಾವಚಿತ್ರ, ರೋಗದ ಹೆಸರು, ಬೇಕಾದ ಮೊತ್ತ, ಬ್ಯಾಂಕಿನ ಖಾತೆ ಸಂಖ್ಯೆ. ಸ್ಥಳವಿದ್ದಷ್ಟು ಪ್ರಕಟಿಸುತ್ತೇವೆ. ಓದುಗರಲ್ಲಿ ಕೆಲವರು ಕೈಲಾದುದನ್ನು ಕಳುಹಿಸುತ್ತಾರೆ, ಕೆಲವರು ಮರುಗಿ ಪುಟ ಮಗುಚುತ್ತಾರೆ. ಆದರೆ ಕಳೆದ ಮಳೆಗಾಲದಿಂದ ಮೂರು ಬಾರಿ ಈ ಪುಟದಲ್ಲಿ ಕಾಣಿಸಿಕೊಂಡ ಒಂದು ಮನವಿಯ ಕುರಿತು, ಅದರ ಸುತ್ತ ನಡೆದಿರುವ ಒಳ್ಳೆಯದರ ಕುರಿತು, ನಡೆಯದೆ ಉಳಿದಿರುವುದರ ಕುರಿತು ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿದೆ.

ರೋಗಿ ಮೂವತ್ತನಾಲ್ಕರ ಹರೆಯದ ರಿಕ್ಷಾ ಚಾಲಕ. ಹೆಸರನ್ನು ಇಲ್ಲಿ ಮತ್ತೆ ಬರೆಯುವುದು ಬೇಡ. ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿ, ವಯಸ್ಸಾದ ತಾಯಿ, ಇಬ್ಬರು ಮಕ್ಕಳು. ಹಿರಿಯವಳು ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ, ಕಿರಿಯವನು ಅಂಗನವಾಡಿ. ಕಾಲು ಬಾತಾಗ ಸ್ಟ್ಯಾಂಡಿನಲ್ಲಿ ಕುಳಿತು ಕುಳಿತು ಹೀಗಾಯಿತೆಂದುಕೊಂಡರು. ವಾಂತಿ ಸುರುವಾದಾಗ ಪಿತ್ತವೆಂದುಕೊಂಡರು. ರಕ್ತ ಪರೀಕ್ಷೆ ಮಾಡಿಸುವ ಹೊತ್ತಿಗೆ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿದ್ದವು. ಈಗ ಸೋಮ, ಬುಧ, ಶುಕ್ರವಾರಗಳಲ್ಲಿ ಮಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ. ಕಿಡ್ನಿ ಬದಲಾಯಿಸುವುದೊಂದೇ ಮುಂದಿನ ದಾರಿ ಎಂದು ವೈದ್ಯರು ಹೇಳಿದ್ದಾರೆ.

ಡಯಾಲಿಸಿಸ್ ಎಂದರೆ ಏನೆಂದು ನಮ್ಮಲ್ಲಿ ಅನೇಕರಿಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ‘ರಕ್ತ ತೊಳೆಯುವುದು’ ಎಂದು ಹೇಳಿ ಮುಗಿಸುತ್ತೇವೆ. ಆರೋಗ್ಯವಂತನ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಎರಡು ಲೀಟರು ಮಾತ್ರ ಮೂತ್ರವಾಗಿ ಹೋಗಿ ಉಳಿದದ್ದು ಮರಳಿ ರಕ್ತಕ್ಕೆ ಸೇರುತ್ತದೆ. ವಾರದ 168 ಗಂಟೆಯೂ ಎಡೆಬಿಡದೆ ನಡೆಯುವ ಈ ಕೆಲಸವನ್ನು ಯಂತ್ರವು ಸರದಿಗೆ ನಾಲ್ಕು ಗಂಟೆಯಂತೆ ವಾರಕ್ಕೆ ಹನ್ನೆರಡು ಗಂಟೆಯಲ್ಲಿ ಮಾಡಬೇಕು. ಉಳಿದ 156 ಗಂಟೆ ಕಶ್ಮಲವೂ ನೀರೂ ಶರೀರದಲ್ಲೇ. ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಆ ಮನೆಯಲ್ಲಿ ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಡುವುದು ಯಾಕೆ, ಒಂದು ಸರದಿ ತಪ್ಪಿದರೂ ಉಸಿರಾಡಲು ಕಷ್ಟವಾಗುವುದು ಯಾಕೆ ಎಂಬುದು ತಿಳಿಯುತ್ತದೆ.

ಈ ಸಂಕಷ್ಟದಲ್ಲಿ ಊರು ನಡೆದುಕೊಂಡ ರೀತಿ ನಿಜಕ್ಕೂ ಶ್ಲಾಘನೀಯ. ಪಂಚಾಯತು ಸದಸ್ಯರ ಮುಂದಾಳುತನದಲ್ಲಿ ಚಿಕಿತ್ಸಾ ಸಹಾಯ ಸಮಿತಿ ರಚನೆಯಾಯಿತು. ದೇವಸ್ಥಾನದ ಮೊಕ್ತೇಸರರು, ಮಸೀದಿಯ ಖತೀಬರು, ಇಗರ್ಜಿಯ ಧರ್ಮಗುರುಗಳು ಒಂದೇ ಬೆಂಚಿನಲ್ಲಿ ಕುಳಿತರು. ಊರಿನ ಕ್ಲಬ್ಬಿನ ಹುಡುಗರು ಬಿರಿಯಾಣಿ ಪೊಟ್ಟಣ ಮಾರಿದರು. ಬಿರಿಯಾಣಿ ತಿನ್ನದವರೂ ಹಣ ಕೊಟ್ಟು ‘ಪೊಟ್ಟಣ ಬೇರೆಯವರಿಗೆ ಕೊಡಿ’ ಎಂದರು. ಒಂದು ಖಾಸಗಿ ಬಸ್ಸಿನ ಮಾಲಕರು ಒಂದು ಇಡೀ ದಿನದ ಕಲೆಕ್ಷನ್ ಬಿಟ್ಟುಕೊಟ್ಟರು. ಆ ದಿನ ಟಿಕೇಟು ಇರಲಿಲ್ಲ, ಕಂಡಕ್ಟರ ಬಕೆಟು ಹಿಡಿದಿದ್ದ. ಹತ್ತು ರೂಪಾಯಿ ದೂರಕ್ಕೆ ನೂರು ಕೊಟ್ಟವರಿದ್ದರು. ಹವ್ಯಾಸಿ ಕಲಾವಿದರು ಸಂಭಾವನೆ ಪಡೆಯದೆ ತಾಳಮದ್ದಳೆ ನಡೆಸಿಕೊಟ್ಟರು. ಕುಟುಂಬಶ್ರೀ ಹೆಂಗಸರು ಅಳತೆ ಇಲ್ಲದೆ ದುಡಿದರು.

ಆದರೆ ಇವೆಲ್ಲದಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ತಟ್ಟಿದ್ದು ರಿಕ್ಷಾ ಸ್ಟ್ಯಾಂಡಿನವರ ಕೆಲಸ. ಅವರ ಫೋಟೋ ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಅವರು ರೋಗಿಯ ರಿಕ್ಷಾವನ್ನು ಮಾರಲು ಬಿಡಲಿಲ್ಲ. ದಿನಕ್ಕೊಬ್ಬನಂತೆ ಸರದಿಯಲ್ಲಿ ತಮ್ಮ ಗಾಡಿ ನಿಲ್ಲಿಸಿ ಆ ಗಾಡಿ ಓಡಿಸುತ್ತಾರೆ, ಎಣ್ಣೆಯ ಖರ್ಚು ಕಳೆದು ಉಳಿದುದನ್ನು ಸಂಜೆ ಮನೆಗೆ ತಲುಪಿಸುತ್ತಾರೆ. ಸಾಲದ ಕಂತು ಅದರಿಂದಲೇ ಕಟ್ಟುತ್ತಿದೆ. ಮನವಿಯಲ್ಲಿ ಕೇಳಿದ ಲಕ್ಷಗಳು ಆಸ್ಪತ್ರೆಗೆ ಹೋಗುತ್ತವೆ. ಅಕ್ಕಿ, ಮಕ್ಕಳ ಪುಸ್ತಕ, ಕರೆಂಟು ಬಿಲ್ಲು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ಲೆಕ್ಕವನ್ನು ಕಂಡವರು ಈ ಚಾಲಕರು ಮಾತ್ರ.

ಪ್ರಾರ್ಥನೆಗಳೂ ನಡೆದಿವೆ. ಮಧೂರಿನಲ್ಲಿ ಅಪ್ಪದ ಹರಕೆ ಹೊತ್ತವರಿದ್ದಾರೆ. ಮನೆಯ ದೈವಕ್ಕೆ ಹೇಳಿಕೊಂಡಿದ್ದಾರೆ. ಶುಕ್ರವಾರದ ನಮಾಜಿನ ನಂತರ ದುಆ ಆಗಿದೆ, ಆದಿತ್ಯವಾರದ ಪೂಜೆಯಲ್ಲಿ ಹೆಸರು ಹೇಳಿ ಬೇಡಿಕೊಂಡಿದ್ದಾರೆ. ಪ್ರಾರ್ಥನೆಯಿಂದ ಕ್ರಿಯಾಟಿನಿನ್ ಇಳಿಯುತ್ತದೆಯೇ ಎಂದು ಕೇಳಿ ನಗುವವರ ಸಾಲಿಗೆ ನಾವು ಸೇರುವುದಿಲ್ಲ. ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಅಲುಗಾಡದೆ ಮಲಗುವವನಿಗೆ ‘ಇಷ್ಟು ಜನ ನನ್ನನ್ನು ನೆನೆಯುತ್ತಿದ್ದಾರೆ’ ಎಂಬುದು ಸಣ್ಣ ಆಸರೆಯಲ್ಲ. ಆದರೆ ದೇವರ ಹೆಸರಿನಲ್ಲಿ ‘ಡಯಾಲಿಸಿಸ್ ಬಿಡಿ, ನಲುವತ್ತೆಂಟು ದಿನ ಈ ಕಷಾಯ ಕುಡಿಯಿರಿ’ ಎಂದು ಹೇಳಲು ಆ ಮನೆಯ ಮೆಟ್ಟಲು ಹತ್ತಿದವರೂ ಇದ್ದಾರೆಂದು ಕೇಳಿ ನಮಗೆ ಸಿಟ್ಟು ಬಂದಿದೆ. ಹರಕೆ ಹೇಳಿಕೊಳ್ಳಿ, ಡಯಾಲಿಸಿಸ್ ಬಿಡಬೇಕೆಂದು ಯಾವ ದೇವರೂ ಯಾವ ದೈವವೂ ಅಪ್ಪಣೆ ಕೊಟ್ಟದ್ದಿಲ್ಲ.

ಪ್ರೀತಿಯಿಂದ ಮಾಡುವ ಇನ್ನೊಂದು ಅಪಾಯದ ಕುರಿತೂ ಹೇಳಲೇಬೇಕು. ರೋಗಿಯನ್ನು ನೋಡಲು ಹೋಗುವಾಗ ನಾವು ಬರಿಗೈಯಲ್ಲಿ ಹೋಗುವವರಲ್ಲ. ಎರಡು ಸೀಯಾಳ, ಒಂದು ಚಿಪ್ಪು ಬಾಳೆಹಣ್ಣು ಕೈಯಲ್ಲಿರುತ್ತದೆ. ಜ್ವರದವನಿಗೆ ಇದು ಒಳ್ಳೆಯದು. ಮೂತ್ರಪಿಂಡ ಸೋತವನಿಗೆ ಇದೇ ವಿಷವಾಗಬಹುದು. ಸೀಯಾಳ, ಬಾಳೆಹಣ್ಣು, ಹಲಸಿನ ಹಣ್ಣು ಇವುಗಳಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಆರೋಗ್ಯವಂತರಲ್ಲಿ ಅದು ಮೂತ್ರದಲ್ಲಿ ಹೊರಹೋಗುತ್ತದೆ; ಇವರಲ್ಲಿ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ನಿಲ್ಲಿಸೀತು. ದಾರೆಹುಳಿಯಂತೂ ಇಂಥ ರೋಗಿಗಳಿಗೆ ಪೂರ್ಣ ವರ್ಜ್ಯ. ಅದರೊಳಗಿನ ಒಂದು ವಿಷಾಂಶ ಮೆದುಳಿಗೆ ಹೋಗಿ ಅಪಸ್ಮಾರ ತರುತ್ತದೆ. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿಯ ರಸ ಹಿಂಡಿ ಕುಡಿಯುವ ಹೊಸ ಅಭ್ಯಾಸವೊಂದು ನಮ್ಮ ಕಡೆಯೂ ಹಬ್ಬಿದೆ. ಹೀಗೆ ಕುಡಿದು ಮೂತ್ರಪಿಂಡ ಕೆಟ್ಟ ಹತ್ತು ಮಂದಿಯ ವಿವರವನ್ನು ಕೇರಳದ ವೈದ್ಯರೇ 2013ರಲ್ಲಿ ಪ್ರಕಟಿಸಿದ್ದಾರೆ. ಸಾರಿಗೆ ಎರಡು ಬಿಂಬುಳಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ನೋಡಲು ಹೋಗುವವರು ಹಣ್ಣಿನ ಬದಲು ಬಸ್ಸಿನ ಖರ್ಚಿಗೆ ಹತ್ತು ಐವತ್ತು ಕೊಟ್ಟರೆ ಆ ಮನೆಗೆ ಹೆಚ್ಚು ಉಪಕಾರ.

ಇನ್ನೊಂದು ಮಾತು, ಪಾಠ ಹೇಳುವವರಾದ್ದರಿಂದ ನಮ್ಮ ಕಣ್ಣಿಗೆ ಬಿದ್ದದ್ದು. ಶಾಲೆಗಳಲ್ಲಿ ಸಹಾಯಧನದ ಡಬ್ಬಿ ತರಗತಿಯಿಂದ ತರಗತಿಗೆ ಹೋಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಆ ಡಬ್ಬಿ ರೋಗಿಯ ಮಗಳು ಕುಳಿತಿರುವ ತರಗತಿಗೂ, ಅವಳ ಅಪ್ಪನ ಬಾತ ಮುಖದ ಚಿತ್ರ ಅಂಟಿಸಿಕೊಂಡು ಹೋದರೆ, ಪಕ್ಕದ ಮಗು ಎರಡು ರೂಪಾಯಿ ಹಾಕುವಾಗ ಇವಳು ಎಲ್ಲಿಗೆ ನೋಡಬೇಕು? ಸಹಾಯವನ್ನು ಆ ಮಗು ಕಾಣದಂತೆ ಮಾಡಲು ಅಧ್ಯಾಪಕರಿಗೆ ಕಷ್ಟವೇನಿಲ್ಲ. ರಕ್ಷಕರಿಗೆ ಒಂದು ಚೀಟಿ ಕಳುಹಿಸಿದರೆ ಸಾಕು. ಅಪ್ಪ ಆಸ್ಪತ್ರೆಗೆ ಹೋಗುವ ದಿನಗಳಲ್ಲಿ ಮಕ್ಕಳು ಮನೆಪಾಠ ಮಾಡದೆ ಬಂದರೆ ಯಾಕೆಂದು ಎಲ್ಲರ ಮುಂದೆ ಕೇಳದಿರುವುದೂ ಒಂದು ನೆರವೇ.

ಈಗ ದಾನಿಯ ವಿಷಯ. ಹೆಂಡತಿ ಕಿಡ್ನಿ ಕೊಡಲು ಮೊದಲು ಮುಂದೆ ಬಂದಳು, ರಕ್ತದ ಗುಂಪು ಹೊಂದಲಿಲ್ಲ. ಆಗ ತಾಯಿ ಕೈ ಚಾಚಿದರು. ‘ನನಗೆ ಎರಡಿದೆ, ಅವನಿಗೆ ಒಂದೂ ಇಲ್ಲ, ಇದರಲ್ಲಿ ಕೇಳುವುದೇನು?’ ಎಂದು ಆ ತಾಯಿ ಹೇಳಿದ್ದನ್ನು ಸಮಿತಿಯವರು ನಮಗೆ ತಿಳಿಸಿದರು. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಜೋಡಿಸುವ ಚಿಕಿತ್ಸೆ 1954ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಅವಳಿ ಸಹೋದರರ ನಡುವೆ ಯಶಸ್ವಿಯಾಯಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ನೆರವೇರಿತು. ಇಂದು ಅದು ಅಪರೂಪದ ಶಸ್ತ್ರಕ್ರಿಯೆಯಲ್ಲ. ಒಂದೇ ಕಿಡ್ನಿಯಲ್ಲಿ ದಾನಿ ಆರೋಗ್ಯವಾಗಿ ಬದುಕಬಹುದು. ಅಪಾಯ ತೀರ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅವರೂ ವರ್ಷವರ್ಷ ರಕ್ತದೊತ್ತಡ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಬಹಳ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಪ್ರೀತಿಯಿಂದ ಕೊಡುತ್ತಾರೆ, ನಿಜ. ಬೇಡ ಎನ್ನಲು ಅವರಿಗೆ ಎಡೆಯಿದೆಯೇ ಎಂಬುದನ್ನೂ ಕೇಳಬೇಕಾಗುತ್ತದೆ. ಕಾನೂನು ಈ ಪ್ರಶ್ನೆಯನ್ನು ಮರೆತಿಲ್ಲ. 1994ರ ಅಂಗಾಂಗ ಕಸಿ ಕಾನೂನಿನ ಕೆಳಗೆ 2014ರಲ್ಲಿ ಬಂದ ನಿಯಮಗಳು, ದಾನಿ ಹೆಂಗಸಾದರೆ ಆಕೆಯ ಸ್ವತಂತ್ರ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕೆಂದು ಹೇಳುತ್ತವೆ.

ಒಪ್ಪಿಗೆ ಸ್ವತಂತ್ರವಾಗಬೇಕಾದರೆ ಮೊದಲು ಅದು ಅರ್ಥವಾಗಬೇಕಷ್ಟೆ. ಈ ತಾಯಿ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ತನಕ ಓದಿದವರು. ಪತ್ರಿಕೆ ಓದುತ್ತಾರೆ, ಕೈಬರಹ ಮುತ್ತಿನಂತಿದೆ. ಜಿಲ್ಲೆಯೊಳಗಿನ ಒಂದು ಆಸ್ಪತ್ರೆಯಲ್ಲಿ ಆರಂಭದ ಪರೀಕ್ಷೆಗಳಿಗಾಗಿ ಅವರ ಮುಂದೆ ಇಟ್ಟ ಕಾಗದ ಮಲೆಯಾಳದಲ್ಲಿತ್ತು, ಹಿಂಬದಿ ಇಂಗ್ಲಿಷ್. ‘ಇದರಲ್ಲಿ ಏನು ಬರೆದಿದೆ ಮಗಳೇ?’ ಎಂದು ಕೇಳಿದಾಗ ‘ಒಪ್ಪಿಟ್ಟಾಲ್ ಮದಿ ಅಮ್ಮೇ’ ಎಂಬ ಉತ್ತರ ಬಂತು. ಸಹಿ ಹಾಕಿದರೆ ಸಾಕು. ಆ ದಾದಿ ಮಗು ಕೆಟ್ಟವಳಲ್ಲ. ಅವಳಿಗೆ ಕನ್ನಡ ಬಾರದು, ನೂರು ಜನ ಸಾಲಿನಲ್ಲಿದ್ದರು. ಮಲೆಯಾಳದ ಮೇಲೆ ನಮಗೆ ದ್ವೇಷವಿಲ್ಲವೆಂದು ಎಷ್ಟನೆಯ ಸಲವೋ ಹೇಳುತ್ತಿದ್ದೇವೆ. ಸಂತೆಯಲ್ಲಿ ಬಸ್ಸಿನಲ್ಲಿ ನಾವೂ ಅದನ್ನೇ ಆಡುತ್ತೇವೆ. ಈ ಸಮಿತಿಯ ಖಜಾಂಚಿಯೇ ಮಲೆಯಾಳಿ ಸಹೋದರ. ಆದರೆ ಮೀನಿನ ಚೌಕಾಸಿಗೆ ಸಾಕಾಗುವ ಭಾಷೆ ಶರೀರದ ಒಂದು ಅಂಗವನ್ನು ಕೊಡುವ ಕಾಗದಕ್ಕೆ ಸಾಕಾಗುವುದಿಲ್ಲ.

ಕುಂದುಕೊರತೆಗಳನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರಕಾರಕ್ಕೆ ಬರೆದುಕೊಳ್ಳುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಅರ್ಜಿ ಬರೆಯಲು ಹಕ್ಕಿರುವವನಿಗೆ ತಾನು ಸಹಿ ಹಾಕುವ ಕಾಗದವನ್ನು ಓದುವ ಹಕ್ಕು ಇರಬೇಡವೇ? ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರ, ಮದ್ದಿನ ಸೂಚನೆ, ಪಥ್ಯದ ಪಟ್ಟಿ ಕನ್ನಡದಲ್ಲೂ ಇರಬೇಕು. ಅಚ್ಚು ಹಾಕಿಸಲು ಆಗುವ ಖರ್ಚು ಒಂದು ಸಭೆಯ ಬ್ಯಾನರಿನ ಖರ್ಚಿಗಿಂತ ಹೆಚ್ಚಲ್ಲ. ಕನ್ನಡ ಬಲ್ಲ ಗುಮಾಸ್ತರಿಗೆ ಜಿಲ್ಲೆಯಲ್ಲಿ ಪ್ರತ್ಯೇಕ ನೇಮಕವಿರುವಂತೆ ಆಸ್ಪತ್ರೆಯ ಸಹಾಯ ಮೇಜಿನಲ್ಲೂ ಕನ್ನಡ ಬಲ್ಲ ಒಬ್ಬರಾದರೂ ಇರಲಿ.

ದಾರಿಯ ವಿಷಯ ಹೇಳದೆ ಕಾಸರಗೋಡಿನ ಯಾವ ರೋಗಿಯ ಕತೆಯೂ ಮುಗಿಯುವುದಿಲ್ಲ. ಮಂಗಳೂರು ನಮಗೆ ಸುಮಾರು 50 ಕಿ.ಮೀ., ಕೋಝಿಕ್ಕೋಡು 180 ಕಿ.ಮೀ., ರಾಜಧಾನಿ ತಿರುವನಂತಪುರ 550 ಕಿ.ಮೀ.ಗೂ ಆಚೆ. 1848ರಷ್ಟು ಹಿಂದೆಯೇ ಆರಂಭವಾದ, ಇಂದು ವೆನ್‌ಲಾಕ್ ಎಂದು ಕರೆಯಲ್ಪಡುವ ಸರಕಾರಿ ಆಸ್ಪತ್ರೆ 1956ರ ನವೆಂಬರ್ 1ರ ತನಕ ನಮ್ಮದೇ ಜಿಲ್ಲೆಯ ಆಸ್ಪತ್ರೆಯಾಗಿತ್ತು. ರಾಜ್ಯದ ಗೆರೆ ತಲಪಾಡಿಯಲ್ಲಿ ಬಿತ್ತು. ರೋಗಿಗಳು ಹೋಗುವ ದಾರಿ ಬದಲಾಗಲಿಲ್ಲ. ಅಜ್ಜನಿಗೆ ವಿಷಮ ಜ್ವರ ಬಂದಾಗ ಹೋದಲ್ಲಿಗೇ ಮೊಮ್ಮಗ ಡಯಾಲಿಸಿಸಿಗೆ ಹೋಗುತ್ತಾನೆ.

ಆ ಗೆರೆ ಎಂಥದೆಂಬುದನ್ನು 2020ರಲ್ಲಿ ಕಂಡೆವು. ಕೋವಿಡ್ ಭೀತಿಯಿಂದ ಆ ವರ್ಷದ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರಕಾರ ರಸ್ತೆಗಳನ್ನು ಮುಚ್ಚಿತು. ಕೆಲವು ಕಡೆ ಮಣ್ಣು ಸುರಿದು ಮುಚ್ಚಿತು. ಮಂಗಳೂರು ತಲುಪಲಾಗದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ಬಿಡಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಗಿ, ತುರ್ತು ಚಿಕಿತ್ಸೆಯ ರೋಗಿಗಳನ್ನು ಬಿಡುವ ಕ್ರಮಕ್ಕೆ ಉಭಯ ರಾಜ್ಯಗಳೂ ಒಪ್ಪಿವೆಯೆಂದು ಏಪ್ರಿಲ್ 7ರಂದು ಕೇಂದ್ರವು ತಿಳಿಸಿದ ಮೇಲೆ ಮುಗಿಯಿತು. ನಾವು ನುಡಿಯಿಂದ ಕರ್ನಾಟಕದವರು, ಆಡಳಿತದಿಂದ ಕೇರಳದವರು. ಆ ಹದಿನೈದು ದಿನ ಇಬ್ಬರಿಗೂ ಬೇಡವಾದವರು. ಕರ್ನಾಟಕದ ಬಂಧುಗಳು ರಾಜ್ಯೋತ್ಸವದ ಭಾಷಣಗಳಲ್ಲಿ ಗಡಿನಾಡ ಕನ್ನಡಿಗರನ್ನು ನೆನೆಯುವಾಗ ಇದನ್ನೂ ಒಮ್ಮೆ ನೆನೆಯಬೇಕು.

ಇತ್ತ ಕೇರಳ ಸರಕಾರದ ಕೆಲಸವೇನು ಕಡಿಮೆಯದಲ್ಲ. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಏಳು ಮಳೆಗಾಲಗಳು ಹತ್ತಿರವಾದಾಗ, 2020ರ ಏಪ್ರಿಲಿನಲ್ಲಿ, ಗಡಿ ಮುಚ್ಚಿದ ಗದ್ದಲದ ನಡುವೆ ಅದರ ಒಂದು ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ವೈದ್ಯಕೀಯ ವಿದ್ಯಾರ್ಥಿಗಳ ಪ್ರವೇಶಕ್ಕೆ ಅನುಮತಿ ದೊರೆಯಲು 2025 ಬರಬೇಕಾಯಿತು. ತಡವಾದರೂ ಬಂತೆಂದು ಸಂತೋಷಪಡೋಣ. ಆದರೆ ಎಂಡೋಸಲ್ಫಾನ್ ಬಿದ್ದ ಮಣ್ಣಿನ ಜಿಲ್ಲೆಯಲ್ಲಿ, ನರರೋಗಕ್ಕೂ ಮೂತ್ರಪಿಂಡಕ್ಕೂ ಗಡಿ ದಾಟಬೇಕಾದ ಜನರಿರುವಲ್ಲಿ, ಕಾಲೇಜೆಂಬ ಹೆಸರಿಗಿಂತ ತಜ್ಞ ವೈದ್ಯರು, ಹಾಸಿಗೆಗಳು, ಡಯಾಲಿಸಿಸ್ ಯಂತ್ರಗಳು, ಯಂತ್ರ ನಡೆಸುವ ಜನ ಬೇಕು. 2016ರಲ್ಲಿ ಕೇಂದ್ರ ಸರಕಾರ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಬಡವರಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಉಚಿತವಾಗಿ ಈ ಸೇವೆ ಸಿಗಬೇಕೆಂದು ಹೇಳುತ್ತದೆ. ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ಕೆಲವೆಡೆ ಯಂತ್ರಗಳು ಬಂದಿರುವುದು ನಿಜ. ನಮ್ಮ ಈ ರೋಗಿಗೆ ಸರದಿ ಸಿಗಲಿಲ್ಲ, ಆದ್ದರಿಂದಲೇ ಮಂಗಳೂರು.

ಸವಲತ್ತುಗಳ ತಿಳಿವಳಿಕೆ ಇಲ್ಲದೆ ಕಳೆದುಕೊಂಡವರೂ ನಮ್ಮಲ್ಲಿ ಅನೇಕರು. ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಹೆಸರಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಸಿಗುತ್ತದೆ, ಆದರೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ. ಆಸ್ಪತ್ರೆಗೆ ಸೇರಿದ ಮೇಲೆ ಕಾರ್ಡು ತೆಗೆದು ತೋರಿಸಿ ಪ್ರಯೋಜನವಿಲ್ಲ, ಮೊದಲೇ ಕೇಳಿಕೊಳ್ಳಬೇಕು. ಆ ಯೋಜನೆಯಲ್ಲಿ ಹೆಸರಿಲ್ಲದ, ವಾರ್ಷಿಕ ವರಮಾನ 3 ಲಕ್ಷ ಮೀರದ ಕುಟುಂಬಗಳಿಗೆ ಕಾರುಣ್ಯ ಬೆನೆವಲೆಂಟ್ ನಿಧಿಯಿದೆ. ಅದರಲ್ಲಿ 2 ಲಕ್ಷ ರೂ. ತನಕ, ಮೂತ್ರಪಿಂಡದ ರೋಗಿಗಳಿಗೆ 3 ಲಕ್ಷ ರೂ. ತನಕ ನೆರವು ಸಿಗುತ್ತದೆ. ಲಾಟರಿಯ ಹಣದಿಂದ ಹುಟ್ಟಿದ ನಿಧಿ ಅದು. ಲಾಟರಿಯ ಮೇಲೆ ನಮಗೇನೂ ಅಭಿಮಾನವಿಲ್ಲ, ಆದರೆ ಬಡವನ ಕಿಸೆಯಿಂದ ಹೋದ ಹಣ ಬಡವನ ಚಿಕಿತ್ಸೆಗೆ ಬರುವುದಾದರೆ ಕೇಳಿ ಪಡೆಯುವುದರಲ್ಲಿ ನಾಚಿಕೆ ಏನಿದೆ? ಇಂಥ ಅರ್ಜಿಗಳನ್ನು ತುಂಬಿಸಿಕೊಡಲು ಪ್ರತಿ ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ ಇಬ್ಬರು ನಿವೃತ್ತ ಅಧ್ಯಾಪಕರು ಕುಳಿತರೆ ಎಷ್ಟೋ ಮನೆಗಳು ಉಳಿದಾವು.

ಸಹಾಯ ಸಮಿತಿಯವರಿಗೂ ಒಂದು ಸೂಚನೆ. ನಮ್ಮ ಊರುಗಳಲ್ಲಿ ಶಸ್ತ್ರಕ್ರಿಯೆಯ ದಿನದ ತನಕ ಉತ್ಸಾಹ ಉಕ್ಕುತ್ತದೆ, ಮರುದಿನದಿಂದ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ. ಆದರೆ ಹೊಸ ಕಿಡ್ನಿಯನ್ನು ಶರೀರ ತಳ್ಳಿಬಿಡದಂತೆ ತಡೆಯುವ ಮದ್ದನ್ನು ಜೀವಮಾನವಿಡೀ, ಹೊತ್ತು ತಪ್ಪದೆ ನುಂಗಬೇಕು. ಮದ್ದಿಗೆ ಹಣವಿಲ್ಲದೆ ಒಂದು ತಿಂಗಳು ಬಿಟ್ಟವರು ತಾಯಿಯ ಕಿಡ್ನಿಯನ್ನೇ ಕಳೆದುಕೊಂಡ ಉದಾಹರಣೆಗಳಿವೆ. ಅದೇ ಮದ್ದು ರೋಗನಿರೋಧ ಶಕ್ತಿಯನ್ನು ತಗ್ಗಿಸುವುದರಿಂದ ಮೊದಲ ತಿಂಗಳುಗಳಲ್ಲಿ ಸೋಂಕಿನ ಭಯ ಹೆಚ್ಚು. ಆಗ ಇಡೀ ಊರು ಸಾಲುಗಟ್ಟಿ ನೋಡಲು ಹೋಗುವುದು ಪ್ರೀತಿಯಲ್ಲ, ಅಪಾಯ. ಆದ್ದರಿಂದ ಸಂಗ್ರಹವಾದ ಹಣದಲ್ಲಿ ಒಂದು ಪಾಲನ್ನು ಮುಂದಿನ ವರ್ಷಗಳ ಮದ್ದಿಗೆಂದು ಜಂಟಿ ಖಾತೆಯಲ್ಲಿ ಠೇವಣಿ ಇಡುವುದು ವಿವೇಕ. ಲೆಕ್ಕವನ್ನು ಬಹಿರಂಗಪಡಿಸಲಿ. ರೋಗಿಯ ಚಿತ್ರಕ್ಕೆ ತಮ್ಮ ಕ್ಯೂಆರ್ ಚೌಕ ಅಂಟಿಸಿ ಮೊಬೈಲಿನಲ್ಲಿ ಹಣ ಎತ್ತುವ ದುಷ್ಟರು ಹುಟ್ಟಿಕೊಂಡಿರುವ ಕಾಲವಿದು. ಒಬ್ಬನ ವಂಚನೆಯಿಂದ ಮುಂದಿನ ಹತ್ತು ರೋಗಿಗಳಿಗೆ ಬಾಗಿಲು ಮುಚ್ಚುತ್ತದೆ.

ಕೊನೆಗೆ, ಇನ್ನೂ ರೋಗಿಗಳಾಗದವರಿಗೆ. ಮೂತ್ರಪಿಂಡ ಕೆಡಲು ದೊಡ್ಡ ಕಾರಣಗಳು ಎರಡು: ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಎರಡೂ ವರ್ಷಗಟ್ಟಲೆ ನೋವಿಲ್ಲದೆ ಕೆಲಸ ಮಾಡುತ್ತವೆ. ಈ ಚಾಲಕರ ರಕ್ತದೊತ್ತಡವನ್ನು ಯಾರೂ ಎಂದೂ ಅಳೆದಿರಲಿಲ್ಲ. ಬೆನ್ನುನೋವಿಗೆಂದು ಮದ್ದಿನಂಗಡಿಯಿಂದ ನೋವಿನ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದ್ದರು. ಅಂಥ ಮಾತ್ರೆಗಳೂ ಮೂತ್ರಪಿಂಡಕ್ಕೆ ಶತ್ರು. ಅಡಿಕೆ ಕೊಯ್ಯುವವರು, ಬೀಡಿ ಕಟ್ಟುವವರು, ಲಾರಿ ಓಡಿಸುವವರು, ದಿನವಿಡೀ ನಿಂತು ಪಾಠ ಹೇಳುವ ನಮ್ಮಂಥವರು, ಎಲ್ಲರೂ ಈ ಮಾತ್ರೆಗಳಿಗೆ ಗಿರಾಕಿಗಳೇ. ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ನೋಡಲು ಐದು ನಿಮಿಷ ಸಾಕು. ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ, ಬೆಳಗ್ಗೆ ಎದ್ದಾಗ ಕಣ್ಣಿನ ಕೆಳಗೆ ಬಾವು ಕಂಡರೆ ಮರುದಿನವೇ ಪರೀಕ್ಷೆ ಮಾಡಿಸಬೇಕು.

ತಾಯಿಯ ಕೊನೆಯ ಹಂತದ ಪರೀಕ್ಷೆಗಳು ಈಗ ನಡೆಯುತ್ತಿವೆ. ಕಾಗದಪತ್ರಗಳು ಸಮಿತಿಯ ಮುಂದೆ ಹೋಗಬೇಕಾಗಿದೆ. ಅವುಗಳನ್ನು ಕನ್ನಡದಲ್ಲಿ ಓದಿ ವಿವರಿಸಲು ಊರಿನ ಒಬ್ಬ ನಿವೃತ್ತ ಅಧ್ಯಾಪಕಿ ಜತೆಗೆ ಹೋಗುವವರಿದ್ದಾರೆ. ಶಸ್ತ್ರಕ್ರಿಯೆಯ ದಿನ ನಿಶ್ಚಯವಾದಾಗ ರಕ್ತ ಕೊಡಲು ಸಿದ್ಧರಿರುವವರು ರಿಕ್ಷಾ ಸ್ಟ್ಯಾಂಡಿನಲ್ಲಿ ಹೆಸರು ಬರೆಸಬಹುದು. ಸಹಾಯ ಸಮಿತಿಯ ಸಭೆ ಬರುವ ಆದಿತ್ಯವಾರ ಅಪರಾಹ್ನ ಮೂರು ಗಂಟೆಗೆ ಶಾಲೆಯಲ್ಲಿ ಸೇರಲಿದೆ. ಈ ತನಕದ ಜಮಾಖರ್ಚನ್ನು ಅಂದು ಓದಿ ಹೇಳುತ್ತಾರೆ. ಮಂಗಳವಾರದ ಸಂಚಿಕೆಯಲ್ಲಿ ನಾವು ಅದನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ.